ವೋಟು ಕೇಳೋಕೆ ಬಂದ ನಮ್ಮ ಯಜಮಾನರು

ಹೋದ ಮಂಗಳವಾರ ಮಟಮಟ ಮಧ್ಯಾಹ್ನ ನಮ್ಮ ಯಜಮಾನರು ಬೀದಿಗೆ ಬಂದು ವೋಟು ಕೇಳಿದರು.

ಅದರಲ್ಲೇನಿದೆ ವಿಶೇಷ, ಎಲೆಕ್ಷನ್ ಟೈಮು, ಎಲ್ಲರ ಯಜಮಾನರೂ ಯಾರಿಗೋ ವೋಟು ಕೇಳ್ತಾ ಓಡಾಡ್ತಿದಾರೆ ಅಂತೀರಾ? ನಮ್ಮೋರು ತೀರಿಕೊಂಡು ಏಳು ವರ್ಷ ಆಯ್ತು.

ನಗಬೇಡಿ. (ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು ಬರೆದದ್ದು ಓದಿ ವಾರವಾರ ನಗೋರು ನೀವು, ಗೊತ್ತು.) ಈ ವಾರ ನನ್ನ ಕಾಲು ನೆಲದ ಮೇಲೆ ನಿಲ್ತಾ ಇಲ್ಲ. ಅಷ್ಟು ಸಂತೋಷ. ಆದರೆ ಸಂತೋಷ ಹೇಳೋಕೆ ಮೊದಲು ಮೈ ಜುಮ್ಮೆಂದಿದ್ದನ್ನು ಹೇಳಬೇಕು. ಎರಡೂ ಒಂದೇ ಆಟೋದಲ್ಲಿ ಬಂದವು.

ನನ್ನ ಮಗಳು ಶಶಿ. ಅವಳ ಮಗಳು ಚಿನ್ನು. ಐದು ತಿಂಗಳು ತುಂಬಿದೆ. ಕೆನ್ನೆ ನೋಡಿದರೆ ಈಗ ತಾನೇ ಬೇಕರಿಯಿಂದ ಬಂದ ಬನ್ನು. ಎದುರಿಗೆ ಹೋಗಿ ನಿಂತರೆ ಬೊಚ್ಚುಬಾಯಿ ಬಿಟ್ಟು ನಗ್ತಾಳೆ. ಆದರೆ ಕರೆದರೆ ತಿರುಗುತ್ತಿರಲಿಲ್ಲ.

ಬೆನ್ನ ಹಿಂದೆ ನಿಂತು ಸ್ಟೀಲ್ ತಟ್ಟೆಗೆ ಸೌಟಿನಲ್ಲಿ ಬಡಿದೆ. ಇಲ್ಲ. ದೇವರ ಗಂಟೆ, ಅಳಿಯನ ಬೈಕಿನ ಹಾರನ್ನು, ಕುಕ್ಕರ್ ವಿಷಲ್ಲು. ಯಾವುದಕ್ಕೂ ಇಲ್ಲ. ಡಾಕ್ಟರು ಶುಕ್ರವಾರಕ್ಕೆ ಟೆಸ್ಟು ಬರೆದಿದ್ದರು. ಮಗೂನ ನಿದ್ದೆ ಮಾಡಿಸಿ, ತಲೆಗೆ ವೈರು ಅಂಟಿಸಿ, ಕಿವಿ ಕೇಳುತ್ತಾ ಇಲ್ವಾ ನೋಡ್ತಾರಂತೆ. ಶಶಿ ತಟ್ಟೆ ಮುಂದೆ ಕೂತು ಅನ್ನ ಕಲಸಿ ಹಾಗೇ ಎದ್ದು ಹೋಗೋಳು. ಮನೇಲಿ ಎಲ್ಲರೂ ಮೆತ್ತಗೆ ಮಾತಾಡೋಕೆ ಶುರು ಮಾಡಿದ್ವಿ. ಕೇಳಿಸದೇ ಇರೋ ಕೂಸಿನ ಮುಂದೆ ಮೆತ್ತಗೆ ಯಾಕೆ ಮಾತಾಡ್ತಿದ್ವೋ, ಆ ದೇವರಿಗೇ ಗೊತ್ತು.

ಇನ್ನು ನಮ್ಮೋರ ವಿಷಯ. ಅವರದು ಮೈಕಿನಲ್ಲಿ ಕೂಗೋ ಕೆಲಸ. ಟೆಂಟ್ ಸಿನಿಮಾ, ಸರ್ಕಸ್ಸು, ಕಳೆದುಹೋದ ಎಮ್ಮೆ, ಆಮೇಲೆ ಎಲೆಕ್ಷನ್ನು. ಬಾಡಿಗೆ ಕಾರಿನ ತಲೆ ಮೇಲೆ ಎರಡು ಹಾರ್ನ್ ಸ್ಪೀಕರ್ ಕಟ್ಕೊಂಡು ಈ ದೊಡ್ಡನೆಕ್ಕುಂದಿಯಿಂದ ಆನೇಕಲ್‌ವರೆಗೂ ಸುತ್ತಿದವರು. ಆಗ ಮೊದಲು ಒಂದು ಹಳೇ ಹಾಡು ಹಾಕಬೇಕು. ಹಾಡು ಕೇಳಿ ಹೆಂಗಸರು ಬಾಗಿಲಿಗೆ ಬರಬೇಕು. ಆಮೇಲೆ ಮಾತು. "ಹಾಡಿಲ್ದೆ ವೋಟು ಕೇಳೋದು, ಎಣ್ಣೆ ಹಚ್ದೆ ತಲೆ ಬಾಚ್ದಂಗೆ" ಅನ್ನೋರು.

ಈಗ? ಹೀರೋ ಹೀರೋಯಿನ್ನು ಮರ ಸುತ್ತಿದ ಟ್ಯೂನಿಗೆ ಚರಂಡಿ ರಿಪೇರಿಯ ಭರವಸೆ. ಎದೆ ಗೂಡು ನಡುಗೋ ಡೋಲು. ಎಫ್ಎಮ್ಮಿನಲ್ಲಿ ವೋಟು ಕೇಳೋ ಹುಡುಗಿ ಉಸಿರು ಯಾವಾಗ ತಗೋತಾಳೋ ಗೊತ್ತಾಗಲ್ಲ. ಮೊನ್ನೆ ಒಬ್ಬ ದೊಡ್ಡ ಮನುಷ್ಯರು ನನ್ನ ಮೊಬೈಲಿಗೇ ಫೋನ್ ಮಾಡಿ ನಮಸ್ಕಾರ ಅಂದರು. ನಾನೂ ಎದ್ದು ನಿಂತು ನಮಸ್ಕಾರ ಅಂದೆ. ನೀರು ಬರ್ತಿಲ್ಲ ಸ್ವಾಮಿ, ಹನ್ನೊಂದು ದಿನ ಆಯ್ತು ಅಂತ ಹೇಳ್ತಾನೇ ಇದೀನಿ, ಅವರೂ ಹೇಳ್ತಾನೇ ಇದಾರೆ. ಶಶಿ ಬಂದು, "ಅಮ್ಮಾ, ಅದು ರೆಕಾರ್ಡಿಂಗು" ಅಂದಳು.

ರೆಕಾರ್ಡಿಂಗ್ ನನಗೇನು ಹೊಸದಾ? ಕೂಗಿ ಕೂಗಿ ಗಂಟಲು ಕಟ್ಟೋಕೆ ಶುರುವಾದಾಗ ನಮ್ಮೋರೂ ಅದನ್ನೇ ಮಾಡಿದ್ದು. ಮಾತೆಲ್ಲ ಕ್ಯಾಸೆಟ್ಟಿಗೆ ತುಂಬೋದು. ಅಭ್ಯರ್ಥಿಯ ಹೆಸರು, ಗುರುತು ಬರೋ ಕಡೆ ಖಾಲಿ ಬಿಡೋದು. ಸೌಂಡ್ ಸರ್ವೀಸ್ ಇಟ್ಟಿದ್ದ ಅವರ ಶಿಷ್ಯ ಮುನಿರಾಜು ಆ ಖಾಲಿ ಜಾಗದಲ್ಲಿ ಹೆಸರು ತುಂಬಿ ಕಳಿಸೋನು. ಒಂದೇ ಕ್ಯಾಸೆಟ್ಟು, ಎಲ್ಲಾ ಪಕ್ಷಕ್ಕೂ. "ಎಲ್ಲರಿಗೂ ಒಂದೇ ಮಾತಾದ್ರೆ ಜನಕ್ಕೆ ಗೊತ್ತಾಗಲ್ವೇನ್ರೀ?" ಅಂತ ಕೇಳಿದ್ದೆ. "ಅಭ್ಯರ್ಥಿಗಳೇ ಬಂದು ಹೇಳಿದ್ರೂ ಅದನ್ನೇ ತಾನೇ ಹೇಳೋದು?" ಅಂದರು.

ನಮ್ಮದು ಆಗ ಒಂದೇ ಕೋಣೆ ಮನೆ. ಬಾಗಿಲಿಗೆ ಕಂಬಳಿ ಇಳಿಬಿಟ್ಟು, ಟೇಪ್ ರೆಕಾರ್ಡರ್ ಮುಂದೆ ಕೂತು, ನನ್ನ ಕಡೆ ಒಂದು ಬೆರಳು ಎತ್ತೋರು. ಬೆರಳು ಎತ್ತಿದರೆ ನಾನು ಬಳೆ ಕೂಡ ಅಲ್ಲಾಡಿಸಬಾರದು. ತೊಟ್ಟಿಲಲ್ಲಿ ಶಶಿ. ಹೆಸರಿನ ಜಾಗ ಬಂದಾಗ ಬೆರಳು ಇಳಿಸಿ, ಮನಸ್ಸಲ್ಲೇ ಹತ್ತು ಎಣಿಸೋರು. ಆ ಹತ್ತು ನನ್ನದು. ಹೇಗಿದ್ರೂ ಅದರ ಮೇಲೆ ಯಾರದೋ ಹೆಸರು ಬಂದು ಅಳಿಸಿ ಹೋಗುತ್ತೆ ಅಂತ ಅಷ್ಟರಲ್ಲೇ ತೊಟ್ಟಿಲು ತೂಗಿ, ನಮ್ಮಮ್ಮ ಹೇಳ್ತಿದ್ದ ತೊಟ್ಟಿಲ ಪದ ಒಂದು ಸಾಲು ಹೇಳಿ, ಮಗೂನ ಮಾತಾಡಿಸಿ ಮುಗಿಸಿಬಿಡ್ತಿದ್ದೆ. ಮತ್ತೆ ಬೆರಳು. ಮತ್ತೆ ಗಪ್‌ಚಿಪ್.

ಕೊನೆಗೆ ಗಂಟಲೇ ಅವರನ್ನ ತಗೊಂಡು ಹೋಯ್ತು. ದನಿ ಮೊದಲು ಹೋಯ್ತು, ಆಮೇಲೆ ಅವರು. ಆರು ತಿಂಗಳು ಸ್ಲೇಟಿನ ಮೇಲೆ ಬರೆದು ನೀರು ಕೇಳಿದರು.

ಈಗ ಮಂಗಳವಾರಕ್ಕೆ ಬನ್ನಿ.

ನಮ್ಮ ಬೀದಿಯಲ್ಲಿ ಬೆಳಗ್ಗೆ ಒಂಬತ್ತಾದರೆ ಮುಗೀತು. ಕಂಪನಿ ಬಸ್ಸುಗಳು ಬಂದು ಜನಾನೆಲ್ಲ ಬಾಚ್ಕೊಂಡು ಹೋಗ್ತವೆ. ಐದೈದು ಮಹಡಿ ಬಿಲ್ಡಿಂಗು, ಕಿಟಕಿ ಕಿಟಕಿಯಲ್ಲೂ ಒಣಗೋ ಬಟ್ಟೆ, ಬಟ್ಟೆ ಹಾಕ್ಕೊಳ್ಳೋರು ಯಾರೂ ಇಲ್ಲ. ಅವತ್ತು ಕರೆಂಟೂ ಇರಲಿಲ್ಲ. ಫ್ಯಾನು, ಬೋರ್‌ವೆಲ್ ಮೋಟರು, ಎಲ್ಲಾ ನಿಂತಿತ್ತು. ನಾಯಿಗಳು ಮೋರಿಯಲ್ಲಿ ಮಲಗಿದ್ದವು. ದೆವ್ವ ಓಡಾಡೋದು ಕತ್ತಲಲ್ಲಲ್ಲ, ನಡು ಮಧ್ಯಾಹ್ನ ಅಂತ ನಮ್ಮಜ್ಜಿ ಹೇಳ್ತಿದ್ದಳು. ಅಂಥಾ ಹೊತ್ತು.

ಶಶಿ ಹೊಸಿಲ ಮೇಲೆ ರಸ್ತೆಗೆ ಬೆನ್ನು ಮಾಡಿ ಕೂತಿದ್ದಳು. ತೊಡೆ ಮೇಲೆ ಚಿನ್ನು, ನನ್ನ ಕಡೆ ಮುಖ. ನಾನು ಎದುರಿಗೆ ನಿಂತು ರಾಗಿ ಮಣ್ಣಿ ಆರಿಸ್ತಾ ಇದ್ದೆ.

ಮೊದಲು ಒಂದು ಕೆಮ್ಮು ಕೇಳಿಸ್ತು.

ಆ ಕೆಮ್ಮು ನನಗೆ ಗೊತ್ತು. ಮೂವತ್ತು ವರ್ಷ ಪಕ್ಕದಲ್ಲೇ ಕೇಳಿದೀನಿ. ಮಾತು ಶುರು ಮಾಡೋಕೆ ಮೊದಲು ಗಂಟಲು ಸರಿ ಮಾಡ್ಕೊಳ್ಳೋ ಸಣ್ಣ ಕೆಮ್ಮು.

"ಮಾನ್ಯ ಮತದಾರ ಬಂಧುಗಳೇ..."

ಬಟ್ಟಲು ಕೆಳಗಿಟ್ಟು ಬೀದಿ ನೋಡಿದೆ. ಬೀದಿ ತುದಿಯಿಂದ ಒಂದು ಆಟೋ ನಡೆಯೋಷ್ಟು ನಿಧಾನಕ್ಕೆ ಬರ್ತಾ ಇತ್ತು. ಸುತ್ತಲೂ ಫ್ಲೆಕ್ಸ್ ಕಟ್ಟಿದ್ದರಿಂದ ಓಡಿಸೋನು ಕಾಣಲಿಲ್ಲ. ಫ್ಲೆಕ್ಸಿನಲ್ಲಿರೋ ಮುಖವೂ ಮಡಚಿಕೊಂಡು ಕಣ್ಣೆರಡೇ ಕಾಣ್ತಿದ್ದವು. ಒಳಗೆ ನಮ್ಮೋರು ಗಂಟಲು ಬಿಚ್ಚಿ, ಗಟ್ಟಿ ದನಿಯಲ್ಲಿ, ಆರೋಗ್ಯವಾಗಿ ಮಾತಾಡ್ತಾ ಇದ್ದರು.

"ನಿಮ್ಮ ಮನೆಯ ಮಗ, ನಿಮ್ಮ ಕಷ್ಟ ಸುಖಕ್ಕೆ ಓಗೊಡುವ ನಿಮ್ಮ ನೆಚ್ಚಿನ ಅಭ್ಯರ್ಥಿ..."

ಆಮೇಲೆ ನಿಶ್ಶಬ್ದ. ಹೆಸರು ಬರಲಿಲ್ಲ. ಬಳೆ ಸದ್ದು ಬಂತು. ತೊಟ್ಟಿಲ ಹಗ್ಗ ಕಿರ್ರ್ ಅಂತು. ತೊಟ್ಟಿಲ ಪದ ಒಂದು ಸಾಲು. ಒಬ್ಬ ಹುಡುಗಿ ನಕ್ಕಳು. "ಶಶೀ... ಇಲ್ಲಿ ನೋಡೇ, ಅಮ್ಮ ಇಲ್ಲಿದೀನಿ."

ಶಶಿ ಗಕ್ಕನೆ ರಸ್ತೆ ಕಡೆ ತಿರುಗಿದಳು. ಅವಳ ತೊಡೆ ಮೇಲಿದ್ದ ಚಿನ್ನುವೂ ತಿರುಗಿದಳು.

ನಾನು ಅವರಿಬ್ಬರ ಎದುರಿಗೇ ನಿಂತಿದ್ದೆ. ನನ್ನ ಬಾಯಿ ಮುಚ್ಚಿತ್ತು. ಇಬ್ಬರೂ ನನ್ನನ್ನ ಬಿಟ್ಟು ನನ್ನನ್ನೇ ಹುಡುಕ್ತಾ ಇದ್ದರು.

"...ಅವರನ್ನು ಅತ್ಯಧಿಕ ಬಹುಮತದಿಂದ ಆರಿಸಿ ತನ್ನಿ" ಅಂತ ಹೇಳ್ತಾ ನಮ್ಮೋರು ಮುಂದೆ ಹೋದರು.

ಎದುರು ರೂಮಿನ ಬಸಮ್ಮ (ಯಾದಗಿರಿ ಕಡೆಯವಳು, ಗಾರೆ ಕೆಲಸ, ಅವತ್ತು ರಜಾ) ಸೆರಗು ಸರಿ ಮಾಡ್ಕೊಳ್ತಾ ಹೊರಗೆ ಬಂದಳು. "ಅಮ್ಮಾರ, ನೀವು ಇಲ್ಲೇ ಅದೀರಿ. ಮತ್ತ ಆ ಗಾಡ್ಯಾಗ ಯಾರು ಮಾತಾಡಿದ್ರು?"

"ನಾನೇ" ಅಂದೆ.

ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಚಿನ್ನು ತಿರುಗಿದಳು ಕಣೇ" ಅಂದೆ ಶಶಿಗೆ. "ನಾನು ತಿರುಗಿದೆ ಅಂತ ಅವಳೂ ತಿರುಗಿರ್ತಾಳೆ. ಸುಮ್ನಿರಮ್ಮ, ಆಸೆ ಹುಟ್ಟಿಸಬೇಡ" ಅಂದಳು.

ಆದರೆ ನಮ್ಮದು ಮುಂದಕ್ಕೆ ದಾರಿ ಇಲ್ಲದ ಬೀದಿ. ಐಟಿ ಪಾರ್ಕಿನ ಕಾಂಪೌಂಡಿಗೆ ಮುಗಿದು ಹೋಗುತ್ತೆ. ಹೋದ ಆಟೋ ವಾಪಸ್ ಬರಲೇಬೇಕು.

ಚಿನ್ನುವನ್ನ ಚಾಪೆ ಮೇಲೆ ಕೂರಿಸಿ ಬೆನ್ನಿಗೆ ದಿಂಬು ಕೊಟ್ವಿ. ಶಶಿ ಗೋಡೆಗೆ ಅಂಟಿ ನಿಂತು ಕಣ್ಣು ಮುಚ್ಚಿದಳು. ಬಸಮ್ಮ ಬಾಗಿಲಲ್ಲಿ, ಬಾಯಿಗೆ ಸೆರಗು. ಆಟೋ ತಿರುಗಿಸ್ಕೊಂಡು ಬಂತು. ಕೆಮ್ಮು. ಚಿನ್ನು ದಿಂಬಿನ ಅಂಚು ಕಚ್ತಾ ಇದ್ದಳು. ಮತದಾರ ಬಂಧುಗಳು. ಮನೆಯ ಮಗ. ನೆಚ್ಚಿನ ಅಭ್ಯರ್ಥಿ. ನಮ್ಮೋರು ಆ ಕಡೆ ಎಲ್ಲೋ ಕೂತು ಬೆರಳು ಇಳಿಸಿದ ಹಾಗಾಯ್ತು ನನಗೆ.

ಬಳೆ.

ಚಿನ್ನು ಕಚ್ಚೋದು ನಿಲ್ಲಿಸಿದಳು. ಪದ ಶುರುವಾಗೋಕೆ ಮೊದಲೇ ಕತ್ತು ತಿರುಗಿಸಿದಳು, ರಸ್ತೆ ಕಡೆ. ಆಟೋ ಹೋದ ಕಡೆಗೆಲ್ಲ ಕತ್ತು ಹೋಯ್ತು.

"ಕೂಸು ತಿರಗೇತ್ರೀ, ಅಕ್ಕಾರ, ಕಣ್ಣ ತೆಗೀರಿ" ಅಂದಳು ಬಸಮ್ಮ. ಶಶಿ ಕಣ್ಣು ತೆಗೆದು ನೋಡಿದಳು. ಅವತ್ತು ಎರಡು ಸಲ ಅನ್ನ ಹಾಕಿಸ್ಕೊಂಡಳು.

ಮಾರನೇ ದಿನ ಮುನಿರಾಜು ಅಂಗಡಿಗೆ ಹೋದೆ. ಅವನು ತಲೆ ಕೆರ್ಕೊಂಡ. "ತಪ್ಪಾಯ್ತು ಅತ್ತಿಗೆ. ಅಣ್ಣನ ಕ್ಯಾಸೆಟ್ಟೆಲ್ಲ ಪೆನ್ ಡ್ರೈವಿಗೆ ಹಾಕ್ಸಿದ್ದೆ. ಹೆಸರು ತುಂಬಿರೋದನ್ನ ಬಿಟ್ಟು ಖಾಲಿ ಇರೋದನ್ನ ಆಟೋಗೆ ಕೊಟ್ಬಿಟ್ಟಿದೀನಿ. ಪಾರ್ಟಿಯವರು ಇಡೀ ದಿನ ಹೆಸರಿಲ್ದೆ ಸುತ್ತಿದಾರೆ. ಯಾರೂ ಒಂದು ಮಾತು ಕೇಳಿಲ್ಲ ನೋಡಿ."

"ಕೂಗೋಕೆ ಬದುಕಿರೋರು ಯಾರೂ ಸಿಗಲಿಲ್ವೇನೋ?"

"ಅಣ್ಣನ ದನಿ ಯಾರಿಗಿದೆ ಅತ್ತಿಗೆ ಈಗ?"

ಅವತ್ತೇ ಮನೆಗೆ ವೋಟರ್ ಚೀಟಿ ಹಂಚೋನು ಬಂದ. ನಮ್ಮೋರ ಹೆಸರಿನದೂ ಒಂದು ಚೀಟಿ ಇತ್ತು, ಫೋಟೋ ಸಮೇತ. "ಯಜಮಾನರು ಇದಾರಾ ಅಮ್ಮ?" ಅಂದ. ಹೋದ ಸಲ ಇದನ್ನೇ ಕೇಳಿದಾಗ ಜಗಳ ಆಡಿ ಕಳಿಸಿದ್ದೆ. ಈ ಸಲ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಚೀಟಿ ಇಸ್ಕೊಂಡು ದೇವರ ಮನೇಲಿ ಇಟ್ಟೆ. (ಯಾರೂ ದೂರು ಕೊಡಬೇಡಿ. ಅವರ ವೋಟು ನಾನು ಹಾಕಲ್ಲ.)

ಶುಕ್ರವಾರ ಟೆಸ್ಟು. ಆ ಪುಟ್ಟ ತಲೆಗೆ ವೈರು ಅಂಟಿಸಿದ್ದು ನೋಡೋಕಾಗದೆ ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಡಾಕ್ಟರಮ್ಮ ಬಂದು, "ಎರಡೂ ಕಿವಿ ಚೆನ್ನಾಗಿದೆ. ಕೆಲವು ಮಕ್ಕಳು ತಿರುಗೋದು ಸ್ವಲ್ಪ ನಿಧಾನ, ಅಷ್ಟೆ" ಅಂದರು. ಶಶಿ ಅವರ ಕೈ ಹಿಡ್ಕೊಂಡವಳು ಬಿಡಲೇ ಇಲ್ಲ. ಆಮೇಲೆ ಅವರು ಪುಸ್ತಕದಲ್ಲಿ ಬರ್ಕೊಳ್ತಾ, "ಮೊದಲು ಯಾವ ಸದ್ದಿಗೆ ತಿರುಗಿದಳು ಅಜ್ಜಿ?" ಅಂತ ಕೇಳಿದರು.

"ಅವರ ತಾತನ ಗಾಡಿಯಿಂದ ಬಂದ ಸದ್ದಿಗೆ."

"ಓ, ತಾತ ಏನ್ ಮಾಡ್ತಾರೆ?"

"ಎಲೆಕ್ಷನ್ ಕೆಲಸದಲ್ಲಿದಾರೆ."

ಶಶಿ ನನ್ನ ಕಾಲು ತುಳಿದಳು.

ಈಗ ಮನೇಲಿ ಚಿನ್ನು ಅಂದರೆ ತಿರುಗ್ತಾಳೆ, ತಟ್ಟೆ ಬಡಿದರೆ ತಿರುಗ್ತಾಳೆ, ಕಾಗೆ ಕೂಗಿದರೂ ತಿರುಗ್ತಾಳೆ. ನಾನು ದಿನಕ್ಕೆ ನೂರು ಸಲ ಕರೀತೀನಿ. ಆದರೆ ಒಂದೊಂದು ಮಧ್ಯಾಹ್ನ ಯಾರೂ ಕರೀದೇ ಇದ್ದಾಗಲೂ ಅವಳು ರಸ್ತೆ ಕಡೆ ಕತ್ತು ತಿರುಗಿಸಿ ಬೊಚ್ಚುಬಾಯಿ ಬಿಟ್ಟು ನಗ್ತಾಳೆ. ಆಗ ನಾನು ಒಂದು ಹತ್ತು ಎಣಿಸೋವರೆಗೆ ಬಳೆ ಅಲ್ಲಾಡಿಸಲ್ಲ.

ಭಾನುವಾರ ಆ ಅಭ್ಯರ್ಥಿನೇ ಬಂದಿದ್ದರು. ಫ್ಲೆಕ್ಸಿನ ಕಣ್ಣುಗಳೇ. ಕೈ ಮುಗಿದು, "ಆಶೀರ್ವಾದ ಇರಲಿ ತಾಯಿ" ಅಂದರು. ಸಿಕ್ಕಿದ್ದೇ ಅವಕಾಶ ಅಂತ ನಾನು ನೀರಿನ ವಿಚಾರ ಶುರು ಮಾಡಿದೆ. ಅವರು ತಲೆ ಆಡಿಸ್ತಾ ಆಡಿಸ್ತಾ ಆಗಲೇ ಬಸಮ್ಮನ ಬಾಗಿಲಿಗೆ ಹೋಗಿಬಿಟ್ಟಿದ್ದರು. ಹಿಂದಿನಿಂದ ಎರಡು ಸಲ ಕೂಗಿದೆ. ಇಲ್ಲ.

ತಲೆಗೆ ವೈರು ಅಂಟಿಸಿ ಮಾಡ್ತಾರಲ್ಲ ಆ ಟೆಸ್ಟು, ದೊಡ್ಡೋರಿಗೂ ಮಾಡ್ತಾರಾ?