ಕಣಿವೆಯ ಮಳೆಗೊಂದು ಪಂಚಾತಿಕೆ

ಮಳೆಯ ವಿಷಯದಲ್ಲಿ ನನಗೆ ಸ್ವಲ್ಪ ಜಂಬ. ಉಡುಪಿ ಕಡೆ ಹುಟ್ಟಿ ಬೆಳೆದವರಿಗೆ ಅದು ಇರುವುದೇ. ಬೇರೆ ಊರಿನವರು ‘ನಮ್ಮಲ್ಲಿ ಭಾರೀ ಮಳೆ’ ಅಂದರೆ ಬಾಯಿಗೆ ಸೆರಗು ಅಡ್ಡ ಹಿಡಿದು ನಗುವ ಜಾತಿ ನಮ್ಮದು. ದುಬೈಗೆ ಬಂದು ವರ್ಷಗಳಾದರೂ ಆ ಜಂಬ ಇಳಿದಿರಲಿಲ್ಲ. ಇಳಿಸುವವರು ಯಾರೂ ಸಿಕ್ಕಿರಲಿಲ್ಲ. ಸಿಕ್ಕಿದ್ದು ನಾವು ಸಿಲಿಕಾನ್ ಓಯಸಿಸ್‌ನ ಬಾಡಿಗೆ ಮನೆಗೆ ಬಂದ ಮೇಲೆ, ಅದೂ ಎದುರಿನ ಬಾಗಿಲಿನಲ್ಲೇ.

ಅದೊಂದು ಜನವರಿಯ ಬೆಳಿಗ್ಗೆ. ನಮ್ಮೂರಲ್ಲಾದರೆ ಕೊಡೆ ಬಿಚ್ಚಲೂ ಸೋಮಾರಿತನ ಮಾಡುವಷ್ಟು ಹನಿ ಬಿದ್ದಿತ್ತು. ಅಷ್ಟಕ್ಕೇ ಶಾಲೆಗೆ ರಜೆ, ಕೆಳಗಿನ ರಸ್ತೆಯಲ್ಲಿ ಕೆರೆ, ಕಾರುಗಳು ದಿಕ್ಕು ತಪ್ಪಿ ನಿಂತಿದ್ದವು. ಲಿಫ್ಟಿನ ಪಕ್ಕದ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಾಗ ಎದುರುಮನೆಯಾಕೆಯೂ ಬಂದು ನಿಂತರು. ಶ್ರೀಲಂಕಾದವರು, ಐವತ್ತು ದಾಟಿದವರು, ಹೋಟೆಲೊಂದರ ಹಾಸಿಗೆ ಬಟ್ಟೆಗಳ ಉಸ್ತುವಾರಿ ಅವರದು ಎಂದಷ್ಟೇ ಆಗ ನನಗೆ ಗೊತ್ತಿದ್ದದ್ದು. ಇಬ್ಬರೂ ಒಟ್ಟಿಗೇ ನಕ್ಕೆವು.

“ಇದನ್ನು ಮಳೆ ಅಂತಾರೆ ಇಲ್ಲಿ,” ಅಂದೆ ಹಿಂದಿಯಲ್ಲಿ.

“ನಮ್ಮ ಕಣಿವೆಯಲ್ಲಿ ಇದಕ್ಕೆ ಹೆಸರೇ ಇಡುವುದಿಲ್ಲ,” ಅಂದರು ಅವರು.

ಅಲ್ಲಿಂದ ಶುರು. ನಾನು ಆಷಾಢದ ಮಳೆ ಅಂದರೆ ಅವರು ಕಣಿವೆಯ ಮಳೆ ಅನ್ನುವುದು. ನಾನು ಉಪ್ಪು ನೀರಾಗುವ ಕತೆ ಹೇಳಿದರೆ ಅವರು ಚಪ್ಪಲಿಗೆ ಬೂಷ್ಟು ಬರುವ ಕತೆ ಹೇಳುವುದು. ತಮಾಷೆಯೆಂದರೆ ಕಣಿವೆ ಅವರ ತವರಲ್ಲ, ಗಂಡನ ಊರು. ಅವರು ಹುಟ್ಟಿದ್ದು ದ್ವೀಪದ ದಕ್ಷಿಣದ ಒಣ ಕಡಲತೀರದಲ್ಲಿ. “ಗಂಡನ ಮನೆಯ ಮಳೆಗೆ ಇಷ್ಟು ಜಂಬವಾ?” ಎಂದು ನಾನು ಕಾಡುತ್ತಿದ್ದೆ. ಅವರು ನನ್ನನ್ನು ‘ನಂಗಿ’ ಅಂದರು. ಅವರ ಭಾಷೆಯಲ್ಲಿ ತಂಗಿ. ನಾನು ಅಕ್ಕ ಅಂದೆ. ಅದು ಅವರ ಭಾಷೆಯಲ್ಲೂ ಅಕ್ಕನೇ. ಅಕ್ಕ ಆದ ಮೇಲೆ ಅವರ ಗಂಡ ಭಾವ ಆಗಲೇಬೇಕಲ್ಲ, ಆದರು.

ಆ ಕಣಿವೆಯ ಒಂದು ಪದ್ಧತಿ ನನ್ನ ತಲೆಗೆ ಹುಳ ಬಿಟ್ಟಿತು. ಗುಡ್ಡದ ಮೇಲಿಂದ ಕೆಳಗಿನ ತೊರೆಯವರೆಗೆ ಒಂದೇ ಮೆಟ್ಟಿಲ ದಾರಿಯಂತೆ, ದಾರಿಯುದ್ದಕ್ಕೂ ಮನೆಗಳಂತೆ. ಮಳೆ ಯಾವಾಗಲೂ ಮೇಲಿನಿಂದ ಇಳಿಯುತ್ತದಂತೆ. ಮೊದಲ ಮನೆಯ ತಗಡಿನ ಮೇಲೆ ಸದ್ದಾದ ಕೂಡಲೇ ಆ ಮನೆಯವರು ಕೆಳಗಿನ ಮನೆಗೆ ‘ವಹಿನವಾ!’ ಎಂದು ಕೂಗುತ್ತಾರೆ. ಮಳೆ ಬಂತು ಅಂತ. ಆ ಮನೆಯವರು ಅದರ ಕೆಳಗಿನವರಿಗೆ. ಹೀಗೆ ಕೂಗು ಮಳೆಗಿಂತ ಮುಂದೆ ಓಡಿ, ಎಲ್ಲರೂ ಒಣಗಿಸಿದ ಬಟ್ಟೆ ಒಳಗೆ ತರುತ್ತಾರೆ.

“ಜಗಳ ಆಗಿ ಮಾತು ಬಿಟ್ಟಿದ್ದರೆ?” ಎಂದು ಕೇಳಿದೆ.

“ಆದರೂ ಕೂಗಬೇಕು. ಮಳೆಯ ಕೂಗಿಗೆ ಜಗಳ ಲೆಕ್ಕಕ್ಕಿಲ್ಲ.”

“ಮನೆಯಲ್ಲಿ ಮೂಗರಿದ್ದರೆ?”

“ನಂಗಿ, ನಿನ್ನ ಹಾಗೆ ಪ್ರಶ್ನೆ ಕೇಳುವವರು ಆ ಕಣಿವೆಯಲ್ಲಿ ಇಲ್ಲ,” ಎಂದು ಅಕ್ಕ ಚಹಾ ಮುಂದಿಟ್ಟರು.

ಕೆಲವು ವರ್ಷ ಹೀಗೇ ನಡೆಯಿತು. ಆಮೇಲೆ ಭಾವನಿಗೆ ನಿವೃತ್ತಿ ಹತ್ತಿರ ಬಂತು. ನಿವೃತ್ತಿ ಅಂದರೆ ಇಲ್ಲಿ ವೀಸಾ ಕೂಡ ಖಲಾಸ್, ಗಂಟುಮೂಟೆ ಕಟ್ಟಲೇಬೇಕು. ಕಣಿವೆಯ ಮನೆಗೆ ಹೋಗೋಣ ಅಂದರು ಭಾವ. ಅಲ್ಲಿ ಅವರ ಅಕ್ಕ, ಅವಳ ಮಗ, ಸೊಸೆ, ಮೊಮ್ಮಕ್ಕಳು ಇದ್ದಾರೆ, ಒಂದು ಕೋಣೆ ಇವರಿಗೆಂದೇ ಇದೆ. ನಮ್ಮ ಎದುರುಮನೆ ಅಕ್ಕ ಒಪ್ಪಲಿಲ್ಲ. ತವರಿನ ಕಡಲತೀರದಲ್ಲಿ ತಂಗಿಯ ಮನೆಯ ಪಕ್ಕ ಸಣ್ಣ ಮನೆ ಹಿಡಿಯೋಣ ಅಂದರು. ಕಾರಣ? “ಕಣಿವೆಯಲ್ಲಿ ಬಟ್ಟೆ ಒಣಗುವುದಿಲ್ಲ.”

“ಬಟ್ಟೆಗೋಸ್ಕರ ಊರು ಬಿಡುವವರು ಉಂಟಾ?” ಭಾವ ಹಣೆ ಚಚ್ಚಿಕೊಂಡರು.

“ಜೀವನವಿಡೀ ಹೋಟೆಲಿನ ಬಟ್ಟೆ ನೋಡಿಕೊಂಡವಳು ನಾನು. ನನ್ನ ಬಟ್ಟೆಯಾದರೂ ಒಣಗಲಿ,” ಅಂದರು ಅಕ್ಕ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರದು ಉಂಡು ಮಲಗಿ ಎದ್ದು ಕೆಲಸಕ್ಕೆ ಹೋಗಿ ಬಂದ ಮೇಲೂ ಮುಂದುವರಿಯುತ್ತಿತ್ತು. ಆ ಸಲ ಈದ್ ರಜೆಗೆ ಮಂಗಳೂರಿನ ಟಿಕೆಟ್ ಮುಟ್ಟಿದರೆ ಕೈ ಸುಡುವಂತಿದ್ದರಿಂದ ನಾನೂ ನನ್ನ ಗಂಡನೂ ಶ್ರೀಲಂಕಾ ನೋಡಿ ಬರೋಣ ಅಂದುಕೊಂಡೆವು. ಸುದ್ದಿ ಕೇಳಿದ್ದೇ ತಡ, ಇಬ್ಬರೂ ನಮ್ಮ ಬಾಗಿಲಿಗೆ ಬಂದರು.

“ನೀನು ಮಳೆ ಊರಿನವಳು. ನಮ್ಮ ಮನೆಯಲ್ಲೇ ಉಳಿದುಕೋ, ನೋಡಿ ಬಂದು ಹೇಳು. ಬಟ್ಟೆ ಒಣಗುತ್ತದೋ ಇಲ್ಲವೋ. ನಿನ್ನ ಮಾತೇ ಕೊನೆ,” ಅಂದರು ಭಾವ. ಅಕ್ಕನೂ, “ಸರಿ, ಅವಳು ಹೇಳಿದ ಹಾಗೆ,” ಅಂದರು.

“ಮಾರಾಯ್ತಿ, ಎಂತಕ್ಕೆ ಒಪ್ಪಿಕೊಂಡದ್ದು ನೀನು?” ಎಂದು ನನ್ನ ಗಂಡ ರೇಗಿದರು. “ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದ ಹಾಗೆ ಆಗ್ತದೆ ನಿನ್ನ ಅವಸ್ಥೆ.” ನನಗೆ ಅದೆಲ್ಲ ತಲೆಗೆ ಹೋಗಲಿಲ್ಲ. ಮಳೆಗೆ ನ್ಯಾಯ ಹೇಳುವ ಪಂಚಾತಿಕೆ ಯಾರಿಗೆ ಸಿಗುತ್ತದೆ? ಪೆಟ್ಟಿಗೆಗೆ ಮೈ ಒರೆಸುವ ಒಂದು ಬೈರಾಸು ಹಾಕಿಕೊಂಡೆ, ಊರಿನಿಂದ ತಂದ ದಪ್ಪ ನೂಲಿನದು, ಒಣಗಲು ಮಹಾ ಸತಾಯಿಸುವಂಥದು. ನಾಲ್ಕು ಹಲಸಿನ ಹಪ್ಪಳವನ್ನೂ ಹಾಕಿಕೊಂಡೆ.

ಕ್ಯಾಂಡಿಯಿಂದ ಬಸ್ಸಿನಲ್ಲಿ ಹೋಗಿ ಇಳಿದು, ಮೆಟ್ಟಿಲು ಹಿಡಿದು ಕೆಳಗೆ ಹೊರಟೆವು. ಎರಡೂ ಬದಿ ಹಸಿರು ಏರು, ಮೇಲೆ ಒಂದು ಪಟ್ಟಿ ಆಕಾಶ. ಕಲ್ಲಿಗೆ ಪಾಚಿ, ಗೋಡೆಗೆ ಪಾಚಿ, ವಿದ್ಯುತ್ ಕಂಬಕ್ಕೂ ಪಾಚಿ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಸನ್ನೆಯಲ್ಲಿ, ಇಂಗ್ಲಿಷಿನಲ್ಲಿ ಕೇಳುತ್ತಾ ಹೋದೆ: ಇಲ್ಲಿ ಮಳೆ ಜಾಸ್ತಿಯಾ? ಪ್ರತಿಯೊಬ್ಬರೂ ಮೇಲಕ್ಕೆ ಬೆರಳು ತೋರಿಸಿದರು. ಇಲ್ಲಿ ಇಲ್ಲ, ಅಲ್ಲಿ ಮೇಲಿನ ಮನೆಗಳಲ್ಲಿ ಜಾಸ್ತಿ. ಮೇಲಿನ ಮನೆಯವರು ಗುಡ್ಡದ ಆಚೆಗೆ ತೋರಿಸಿದ್ದರು. ಒಬ್ಬರಂತೂ ಒದ್ದೆ ತಲೆ ಒರೆಸಿಕೊಳ್ಳುತ್ತಲೇ ತೋರಿಸಿದರು.

ಭಾವನ ಅಕ್ಕನನ್ನು ನಾನು ದೊಡ್ಡಕ್ಕ ಎಂದು ಕರೆದೆ. ಭಾಷೆಯ ತೊಂದರೆಯೇ ಆಗಲಿಲ್ಲ. ಆಕೆ ಬಹಳ ಕಾಲ ಅಬುಧಾಬಿಯ ಖಲೀಫಾ ಸಿಟಿಯ ವಿಲ್ಲಾವೊಂದರಲ್ಲಿ ಅಡುಗೆ ಮಾಡಿ ಹಿಂತಿರುಗಿದವರು. ಹಿಂದಿ, ಅರಬಿ ಎರಡನ್ನೂ ಒಂದೇ ಒಗ್ಗರಣೆಗೆ ಹಾಕಿ ಮಾತಾಡುತ್ತಿದ್ದರು. ನಾನು ಬೈರಾಸು ಒಗೆದು ಹಗ್ಗಕ್ಕೆ ಹಾಕಿ, ಹಪ್ಪಳ ಕಾಯಿಸಿ ಕಿಟಕಿಯಲ್ಲಿಟ್ಟದ್ದನ್ನು ಮೊಮ್ಮಕ್ಕಳ ಸಮೇತ ನಿಂತು ನೋಡಿದರು. ಪರೀಕ್ಷೆ ಅಂದೆ. ನಕ್ಕು ನಕ್ಕು ಸಾಕಾಯಿತು ಅವರಿಗೆ.

ಊಟ ಮುಗಿಯುವ ಹೊತ್ತಿಗೆ ಮೇಲಿನಿಂದ ಕೂಗು ಬಂತು. “ವಹಿನವಾ!” ಮತ್ತೊಂದು ಸ್ವಲ್ಪ ಹತ್ತಿರದಿಂದ. ಮತ್ತೊಂದು. ನನ್ನ ಮೈಯೆಲ್ಲ ಕಿವಿಯಾಯಿತು. ದೊಡ್ಡಕ್ಕ ಅನ್ನದ ಕೈಯಲ್ಲೇ, “ಯಲ್ಲಾ, ನಡಿ, ಈ ಸಲ ನೀನು!” ಎಂದರು. ಓಡಿ ಹೋಗಿ ಜಗಲಿಯಲ್ಲಿ ನಿಂತೆ. ಕಲಿತಿದ್ದ ಶಬ್ದ ಸಮಯಕ್ಕೆ ಬಾಯಿಗೆ ಬರಲಿಲ್ಲ. ಜೋರಾಗಿ ತುಳುವಿನಲ್ಲಿ “ಬರ್ಸ ಬತ್ತ್‌ಂಡ್!” ಎಂದು ಅರಚಿದೆ. ಕೆಳಗಿನ ಮನೆಯಾಕೆ ಹೊರಗೆ ಬಂದು ಕಣ್ಣುಬಾಯಿ ಬಿಟ್ಟು ನನ್ನನ್ನು ನೋಡಿದಳು, ಬಟ್ಟೆ ತೆಗೆದಳು, ಅವಳ ಕೆಳಗಿನವರಿಗೆ ಸರಿಯಾದ ಭಾಷೆಯಲ್ಲಿ ಕೂಗಿದಳು. ನನ್ನ ಗಂಡ ನಗುತ್ತಾ ಕಂಬ ಹಿಡಿದುಕೊಂಡರು. ಆಮೇಲೆ ಮಳೆ ಬಂತು ನೋಡಿ. ನಮ್ಮೂರಿನ ಮಳೆಯ ಮಾನ ಕಾಪಾಡಲು ನಾನು ಈಗಲೂ ವಾದ ಮಾಡಬಲ್ಲೆ, ಆದರೆ ಅವತ್ತು ಬಾಯಿ ಮುಚ್ಚಿ ನಿಂತಿದ್ದೆ. ಅಷ್ಟು ವರ್ಷ ಮಳೆಯಿಲ್ಲದೆ ಹೇಗೆ ಇದ್ದೆ ಅನ್ನಿಸಿ ಕಣ್ಣು ತುಂಬಿತು.

ಹಪ್ಪಳ ಸಂಜೆಗೇ ಬಟ್ಟೆಯ ಹಾಗೆ ಮೆತ್ತಗಾಯಿತು. ಆದರೆ ಬೈರಾಸು ಮರುದಿನ ಗೆದ್ದಿತು. ಬೆಳಗಿನ ಹೊತ್ತು ಅಲ್ಲಿ ಚುರುಗುಟ್ಟುವ ಬಿಸಿಲು. ಮಧ್ಯಾಹ್ನದ ಕೂಗಿಗೆ ಮೊದಲೇ ಬೈರಾಸು ಗರಿಗರಿಯಾಗಿತ್ತು. ಭಾವ ಹೇಳಿದ್ದೇ ಸರಿ. ನನಗೆ ಪಿಚ್ಚೆನಿಸಿತು. ಅಕ್ಕ ಸುಳ್ಳು ಹೇಳುವವರಲ್ಲ. ಬಟ್ಟೆಯ ವಿಷಯದಲ್ಲಂತೂ ಅವರ ಕಣ್ಣು ತಪ್ಪುವುದೇ ಇಲ್ಲ.

ಹೊರಡುವ ಹಿಂದಿನ ದಿನ ದೊಡ್ಡಕ್ಕ ಇವರಿಗೆಂದು ಇಟ್ಟ ಕೋಣೆ ತೋರಿಸಿದರು. ಶುಭ್ರವಾದ ಹಾಸಿಗೆ, ಹೊಸ ಪರದೆ. ನಾನೋ ಇಣುಕುವ ಪೈಕಿ. ಕಪಾಟಿನ ಹಿಂದಕ್ಕೆ ಮುಖ ಹಾಕಿದೆ. ಗೋಡೆಯಿಡೀ ಕಪ್ಪು ಬೂಷ್ಟು. ಮೂಗಿಗೆ ಘಾಟು ಬಡಿದು ಸೀನಿದೆ.

“ಎಷ್ಟು ಒರೆಸಿದರೂ ಬರುತ್ತದೆ,” ಅಂದರು ದೊಡ್ಡಕ್ಕ. ಮಂಚದ ಮೇಲೆ ಕೂತುಕೊಂಡರು. “ಈ ಕೋಣೆಯಲ್ಲೇ ನನ್ನ ತಮ್ಮ ಮಲಗುತ್ತಿದ್ದದ್ದು. ಚಿಕ್ಕಂದಿನಿಂದ ದಮ್ಮು. ಮಳೆ ಬಂದರೆ…” ಎದೆಯ ಮೇಲೆ ಕೈಯಿಟ್ಟು, ಶಬ್ದ ಹುಡುಕಿ, ಹೇಳಿದರು: “ನಫಸ್ ಮಾಫಿ.”

ಉಸಿರು ಇಲ್ಲ. ಮಾಫಿ ಅನ್ನುವ ಶಬ್ದವನ್ನು ನಾನು ದಿನಾ ಕೇಳುವವಳು. ಪಾರ್ಕಿಂಗ್ ಮಾಫಿ, ಚಿಲ್ಲರೆ ಮಾಫಿ, ರಜೆ ಮಾಫಿ. ಉಸಿರಿನ ಪಕ್ಕದಲ್ಲಿ ಅದನ್ನು ಯಾರೂ ಇಟ್ಟದ್ದು ಕೇಳಿರಲಿಲ್ಲ.

“ದುಬೈಯ ಒಣ ಗಾಳಿಗೆ ಅದು ನಿಂತಿತು. ವಾಸಿಯಾಗಿದೆ ಅಂದುಕೊಂಡಿದ್ದಾನೆ. ರಜೆಗೆ ಬರುವುದು ಯಾವಾಗಲೂ ಮಳೆ ಕಡಿಮೆ ಇರುವಾಗ. ಟಿಕೆಟ್ ತೆಗೆಸುವುದು ಅವನ ಹೆಂಡತಿ. ‘ನಿನಗೆ ಆ ಮಳೆ ಆಗುವುದಿಲ್ಲ’ ಅಂದರೆ ನನ್ನ ತಮ್ಮ ನಾಳೆಯೇ ಪೆಟ್ಟಿಗೆ ಕಟ್ಟುವ ಹಠಮಾರಿ. ಅದಕ್ಕೇ ಅವಳು ಬಟ್ಟೆಯ ಮೇಲೆ ಹಾಕುತ್ತಿದ್ದಾಳೆ.” ಮಂಚದಿಂದ ಏಳುತ್ತಾ, “ನನಗೆ ತಮ್ಮ ಇಲ್ಲಿ ಬೇಕು. ಆದರೆ ಮೊದಲು ಅವನು ಬೇಕು,” ಅಂದರು.

ದುಬೈಗೆ ಬಂದ ದಿನವೇ ಇಬ್ಬರೂ ತೀರ್ಪಿಗೆ ಬಂದು ಕೂತರು. ಅಕ್ಕ ನನ್ನ ಮುಖ ನೋಡಲಿಲ್ಲ, ಸೋಫಾದ ಹೊದಿಕೆ ಸರಿಮಾಡುತ್ತಿದ್ದರು.

“ಒಣಗಲಿಲ್ಲ ಭಾವ,” ಅಂದೆ. “ವಾಸನೆ ಬೇರೆ. ಬೈರಾಸನ್ನು ಅಲ್ಲೇ ನೆಲ ಒರೆಸಲು ಕೊಟ್ಟು ಬಂದೆ.” ನನ್ನ ಗಂಡ ಕೆಮ್ಮಿದರು, ಬೈರಾಸು ಆಗ ಅವರ ಪೆಟ್ಟಿಗೆಯಲ್ಲೇ ಇತ್ತು.

ಭಾವ ತುಂಬಾ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ತೊಡೆ ತಟ್ಟಿ, “ಖಲಾಸ್. ಕೊಟ್ಟ ಮಾತು ಕೊಟ್ಟದ್ದೇ,” ಎಂದು ಎದ್ದರು.

ಅವರು ಹೊರಡುವ ವಾರ ಕಾರ್ಗೋ ಪೆಟ್ಟಿಗೆಗಳನ್ನು ಕೆಳಗಿಳಿಸಲು ನಾವಿಬ್ಬರೂ ಕೈ ಹಾಕಿದ್ದೆವು. ಪಾರ್ಕಿಂಗ್‌ನಲ್ಲಿ ಭಾವನೂ ನಾನೂ ಮಾತ್ರ ಉಳಿದ ಹೊತ್ತಿನಲ್ಲಿ ಅವರು ಪೆಟ್ಟಿಗೆಯ ಮೇಲೆ ಕೂತು ಬೆವರು ಒರೆಸಿಕೊಂಡು ಹೇಳಿದರು: “ನೀನು ಹೇಳಿದ್ದು ಸುಳ್ಳು ಅಂತ ಗೊತ್ತು. ಆ ಬಿಸಿಲಿಗೆ ಕಂಬಳಿಯೂ ಒಣಗುತ್ತದೆ. ಇರಲಿ. ಹಠ ಹಿಡಿದದ್ದು ನನಗೋಸ್ಕರ ಅಲ್ಲ. ಮದುವೆಯಾದ ವರ್ಷ ಆ ಕೋಣೆಯಲ್ಲಿ, ಮಳೆ ಬಂದಾಗಲೆಲ್ಲ ಇವಳು ಹಾಡುತ್ತಿದ್ದಳು. ಎಷ್ಟು ಚಂದ ಅಂತೀಯಾ. ಇಲ್ಲಿಗೆ ಬಂದ ಮೇಲೆ ಒಂದು ದಿನವೂ ಹಾಡಿಲ್ಲ. ಅಲ್ಲಿಗೆ ಕರೆದುಕೊಂಡು ಹೋದರೆ ಮತ್ತೆ ಹಾಡಬಹುದು ಅಂತ ಆಸೆ ಇತ್ತು, ಅಷ್ಟೆ.”

ಉಸಿರು ಉಳಿಸಲು ಹೋಗಿ ಹಾಡು ಕಳೆದೆನಾ? ನನ್ನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ. ಲಿಫ್ಟ್ ಹತ್ತಿ ಸೀದಾ ಅವರ ಮನೆಗೆ ಹೋದೆ. ಅಕ್ಕ ಲೋಟಗಳಿಗೆ ಹಳೆಯ ಪತ್ರಿಕೆ ಸುತ್ತುತ್ತಿದ್ದರು. ಹೇಳಿಬಿಟ್ಟೆ.

ಅಕ್ಕನ ಕೈ ನಿಂತಿತು. “ಸಂತೋಷಕ್ಕೆ ಹಾಡಿದೆ ಅಂದುಕೊಂಡಿದ್ದಾನಾ?” ಎಂದು ಮೆಲ್ಲಗೆ ಕೇಳಿದರು.

“ಮತ್ತೆ?”

“ಮಳೆ ಶುರುವಾದರೆ ಅವನ ಎದೆಯೂ ಶುರು, ನಂಗಿ. ಆ ಸದ್ದು ಕೇಳಿದರೆ ನನಗೆ ಕೈಕಾಲು ತಣ್ಣಗಾಗುತ್ತಿತ್ತು. ನನ್ನ ಕಿವಿಗೆ ಬೀಳದಿರಲಿ ಅಂತ ಹಾಡುತ್ತಿದ್ದೆ. ಒಂದು ಮುಗಿದರೆ ಇನ್ನೊಂದು, ಅವನ ಉಸಿರು ಹಿಂದಕ್ಕೆ ಬರುವ ತನಕ.” ಲೋಟವನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟರು. “ನೀನು ಅವನಿಗೆ ಹೇಳಬೇಡ. ಚಂದ ಹಾಡುತ್ತಿದ್ದೆ ಅಂತಲೇ ಇರಲಿ.”

“ಇಲ್ಲಿ ಒಂದು ದಿನವೂ ಹಾಡಲಿಲ್ಲವಂತೆ ನೀವು,” ಅಂದೆ.

“ಇಲ್ಲಿ ಬೇಕಾಗಲಿಲ್ಲವಲ್ಲ,” ಅಂದರು ಅಕ್ಕ, ಮತ್ತು ಇನ್ನೊಂದು ಲೋಟ ಕೈಗೆತ್ತಿಕೊಂಡರು.