ವೀಲ್‌ಚೇರಿನಲ್ಲಿ ಕೂತ ಜಟಕಾ ಸಾಬರು

ಬೆಳಗಿನ ಆರು ಗಂಟೆ. ಹುಣಸೂರಿನ ಅಂಚಿನಲ್ಲಿರುವ ಶಾಲಾ ಮೈದಾನದ ಹುಲ್ಲು ಇನ್ನೂ ಇಬ್ಬನಿಯಲ್ಲಿ ತೊಯ್ದಿದೆ. ಅರವತ್ತರ ಹತ್ತಿರದ ಗಟ್ಟಿಮುಟ್ಟು ಮನುಷ್ಯರೊಬ್ಬರು ವೀಲ್‌ಚೇರಿನಲ್ಲಿ ಕೂತು, ಹಗ್ಗದ ತುದಿಯನ್ನು ಹೆಗಲಿಗೆ ಹಾಕಿಕೊಂಡು, ಎರಡೂ ಕೈಯಲ್ಲಿ ಗಾಲಿ ತಳ್ಳುತ್ತಿದ್ದಾರೆ. ಹಗ್ಗದ ಇನ್ನೊಂದು ತುದಿಯಲ್ಲಿ ಕಂದು ಬಣ್ಣದ ಹೆಣ್ಣು ಕುದುರೆ.

ಹಾಲಿನ ಕ್ಯಾನು ಕಟ್ಟಿದ ಸೈಕಲ್ಲನ್ನು ಬೇಲಿಗೆ ಒರಗಿಸಿ ಅಣ್ಣಯ್ಯ ಕೂಗುತ್ತಾನೆ: "ಏನ್ ಸಾಬ್ರೇ, ಕುದ್ರೆ ಇಟ್ಕಂಡು ಕುರ್ಚಿ ಓಡಿಸ್ತಿದೀರಲ್ಲಾ! ಅದುನ್ನೂ ಕೂರುಸ್ಕಳಿ!"

"ಅದಕ್ಕೂ ಆಸೆ ಅದೆ ಕಣೋ. ಕುರ್ಚಿಗೇ ಶಕ್ತಿ ಸಾಲ್ದು," ಎನ್ನುತ್ತಾರೆ ಖದೀರ್ ಸಾಬರು, ಗಾಲಿ ನಿಲ್ಲಿಸದೆ.

ಸಾಬರ ಕಾಲಿಗೆ ಏನೂ ಆಗಿಲ್ಲ. ಇಪ್ಪತ್ತೆಂಟು ವರ್ಷ ಬಸ್ ಸ್ಟ್ಯಾಂಡಿನಲ್ಲಿ ಜಟಕಾ ಓಡಿಸಿದವರು. ಆಟೋಗಳು ಬಂದ ಮೇಲೆ ಜಟಕಾ ಮನೆ ಮುಂದೆ ನೆಲಕ್ಕೆ ಮೂಕಿ ಊರಿ ನಿಂತಿತು. ಅದರೊಳಗೀಗ ಅವರ ಹೆಂಡತಿ ನಫೀಸಾರ ಕೋಳಿಗಳ ಸಂಸಾರ. ಸಾಬರು ಹಗ್ಗ, ಮೂಗುದಾರದ ಅಂಗಡಿ ಇಟ್ಟರು, ಕುದುರೆ ಬಿಜ್ಲಿಯನ್ನು ಮಾತ್ರ ಮಾರಲಿಲ್ಲ. ಹೋದ ವರ್ಷ ಫಿಸಿಯೋಥೆರಪಿಸ್ಟ್ ಸುಧಾ ಈ ಮೈದಾನದಲ್ಲಿ ಅಂಗವಿಕಲರಿಗೆ ಕುದುರೆ ಸವಾರಿ ಶುರು ಮಾಡಿದಾಗ ಕುದುರೆಯ ಜೊತೆ ತಾವೂ ಬಂದು ನಿಂತರು. ಶನಿವಾರಕ್ಕೆ ಹನ್ನೊಂದು ಮಂದಿ ಸವಾರರು, ಒಬ್ಬೊಬ್ಬರಿಗೆ ಎಂಟು ಸುತ್ತು. ಅಷ್ಟೂ ಸುತ್ತು ಸಾಬರು ಹಗ್ಗ ಹಿಡಿದು ನಡೆಯುತ್ತಿದ್ದರು. ಸಂಬಳದ ಮಾತೇ ಇಲ್ಲ.

ಕುದುರೆ ನಡೆದರೆ ಸವಾರರ ಸೊಂಟ ತಾವೇ ನಡೆದಂತೆ ಅಲುಗುತ್ತದೆ, ಬೆನ್ನಿಗೆ ಬಲ ಬರುತ್ತದೆ ಎನ್ನುತ್ತಾರೆ ಸುಧಾ. ಕಟ್ಟೆಮಳಲವಾಡಿಯ ರಮ್ಯಾಳಿಗೆ ಹಾಗೇ ಆಯಿತು. ಹುಟ್ಟಿದಾಗಿನಿಂದ ಕೈಕಾಲು ಸೆಟೆದ, ಕತ್ತು ನಿಲ್ಲದ ಹತ್ತೊಂಬತ್ತರ ಹುಡುಗಿ ಆರನೆಯ ಶನಿವಾರ ತಲೆಯೆತ್ತಿ ಕೂತಳು. ಏಳನೆಯ ಶನಿವಾರ ಬಿದ್ದಳು.

"ಬಿಜ್ಲಿ ತಪ್ಪಲ್ಲ, ನಂದು," ಸಾಬರು ಅದನ್ನು ಮುಚ್ಚಿಡುವುದಿಲ್ಲ. "ಆಚೀಚೆ ನೋಡಬ್ಯಾಡ ಅಂತ ಒಂಬತ್ತು ವರ್ಸ ಕಣ್ಣುಪಟ್ಟಿ ಕಟ್ಟಿದೋನು ನಾನೇ. ಇಲ್ಲೂ ಅದನ್ನೇ ಕಟ್ಕಂಡ್ ಬರ್ತಿದ್ದೆ. ಪಕ್ಕದಲ್ಲಿ ಯಾರವ್ರೆ ಅಂತ ಕುದುರೆಗೆ ಕಾಣಬೇಕು, ಪಟ್ಟಿ ಇಲ್ದೆ ನಿಧಾನಕ್ಕೆ ಅಭ್ಯಾಸ ಮಾಡ್ಸಿ ಅಂತ ಆ ಶನಿವಾರ ಅಂದ್ರು ಸುಧಾ ಮೇಡಮ್ಮು. ನನ್ ಕುದುರೆ ನಂಗೊತ್ತಿಲ್ವಾ ಅಂತ ಅವತ್ತೇ ಬಿಚ್ಬುಟ್ಟೆ."

ಪಕ್ಕದಲ್ಲಿದ್ದ ವೀಲ್‌ಚೇರಿನ ಗಾಲಿಯ ಕಡ್ಡಿಗಳು ಬಿಸಿಲಿಗೆ ಫಳಕ್ಕೆಂದವು. ಅಂಥದ್ದನ್ನು ಕಂಡೇ ಇರದ ಬಿಜ್ಲಿ ಅಡ್ಡಕ್ಕೆ ನೆಗೆಯಿತು. ಜಾರಿದ ರಮ್ಯಾಳನ್ನು ಸಾಬರು ಎದೆಗವಚಿಕೊಂಡೇ ಬಿದ್ದರು. ಹುಡುಗಿಯ ಮೊಣಕೈ ತರಚಿತು, ಸಾಬರ ಹೆಗಲ ಮೂಳೆ ಬಿರುಕುಬಿಟ್ಟಿತು. ಅಂದಿನಿಂದ ಸವಾರಿ ನಿಂತಿದೆ. ಮತ್ತೆ ಪಟ್ಟಿ ಕಟ್ಟಿದರಾಯಿತಲ್ಲ ಎಂದವರಿಗೆ ಸಾಬರದು ಒಂದೇ ಉತ್ತರ: "ಕಾಣ್ದೆ ಇರೋದು ಧೈರ್ಯ ಅಲ್ಲ ಕಣ್ರೀ."

ಹೆಗಲ ಮೂಳೆ ಕೂಡಿದ ಮೇಲೆ ಶಾಲೆಯ ವೀಲ್‌ಚೇರ್ ಕೇಳಿ ಪಡೆದರು. ದಿನಾ ಬೆಳಿಗ್ಗೆ ಅದರಲ್ಲಿ ಕೂತು ಕುದುರೆಯ ಎಡಕ್ಕೆ, ಬಲಕ್ಕೆ, ಹಿಂದಕ್ಕೆ ಸುತ್ತಿದರು. ನಡುನಡುವೆ ಬಸ್ಸು ಹತ್ತಿ ಕಟ್ಟೆಮಳಲವಾಡಿಗೂ ಹೋದರು.

"ಕುದ್ರೆ ಸವಾಸ ಸಾಕು ಬುಡಿ ಸಾಬ್ರೇ. ನಿಮ್ ಮೂಳೆ ನೋಡ್ಕಳಿ ಮೊದ್ಲು," ಎಂದು ರಮ್ಯಾಳ ತಾಯಿ ಬಸವಮ್ಮ ಎರಡು ಸಲ ಕಾಫಿ ಕೊಟ್ಟು ಕಳಿಸಿದರು. ಮೂರನೆಯ ಸಲ, ಮಾತೇ ಅಪರೂಪವಾದ ರಮ್ಯಾ ಕಷ್ಟಪಟ್ಟು "ಬಿಜ್ಲಿ?" ಎಂದಳು. ಬಸವಮ್ಮ ಸೋತರು. "ಒಂದ್ ಸಲ ಬತ್ತೀವಿ. ಬೆಚ್ಚುದ್ರೆ ಅಲ್ಲಿಗ್ ಮುಗೀತು."

ಆ ಒಂದು ಸಲ ಇವತ್ತೇ.

ಏಳೂವರೆಗೆ ಬಸವಮ್ಮ ಮಗಳ ವೀಲ್‌ಚೇರ್ ತಳ್ಳಿಕೊಂಡು ಗೇಟಿನೊಳಗೆ ಬರುತ್ತಾರೆ. ಬಿಸಿಲು ಏರಿದೆ, ಕಡ್ಡಿಗಳು ಹೊಳೆಯುತ್ತಿವೆ. ಬಿಜ್ಲಿಯ ಕಿವಿಗಳು ನಿಮಿರುತ್ತವೆ. ಕುರ್ಚಿಯಿಂದ ಎದ್ದು ನಿಂತ ಸಾಬರು ಹಗ್ಗ ಜಗ್ಗುವುದಿಲ್ಲ, ಕುದುರೆಯ ಕತ್ತಿನ ಮೇಲೆ ಸುಮ್ಮನೆ ಕೈ ಇಟ್ಟಿದ್ದಾರೆ. ಅವರ ತುಟಿ ಏನೋ ಮಣಮಣ ಎನ್ನುತ್ತಿದೆ. ಬಿಜ್ಲಿ ಒಂದು ಹೆಜ್ಜೆ ಮುಂದಿಟ್ಟು, ತಲೆ ತಗ್ಗಿಸಿ, ಗಾಲಿಯನ್ನು ಮೂಸಿ, ರಮ್ಯಾಳ ಮಡಿಲಿಗೆ ಫುಸ್ಸೆಂದು ಉಸಿರು ಬಿಡುತ್ತದೆ. ಹುಡುಗಿ ಕಿಲಕಿಲ ನಗುತ್ತಾಳೆ.

ಮೈದಾನದ ಕಟ್ಟೆಯ ಮೇಲಿಂದ ಅವಳನ್ನು ಕುದುರೆಗೆ ಹತ್ತಿಸಿ, ಒಂದು ಪಕ್ಕ ಸುಧಾ ಹಿಡಿಯುತ್ತಾರೆ. ಇನ್ನೊಂದು ಪಕ್ಕಕ್ಕೆ ಸೆರಗು ಸಿಕ್ಕಿಸಿಕೊಂಡು ಬಸವಮ್ಮನೇ ನಿಲ್ಲುತ್ತಾರೆ. ಮೊದಲ ಸುತ್ತಿನಲ್ಲಿ ಹುಡುಗಿ ಮುದುಡಿ ಕೂತಿದ್ದಾಳೆ. ನಾಲ್ಕನೆಯದರಲ್ಲಿ ಕತ್ತು ಮೆಲ್ಲಗೆ ಏಳುತ್ತದೆ. ಎಂಟು ಮುಗಿದು ಇಳಿಸಲು ಹೋದರೆ ಜೀನನ್ನು ಬಿಗಿಯಾಗಿ ಹಿಡಿದು, "ಇನ್ನೊಂದು," ಎನ್ನುತ್ತಾಳೆ.

"ಬಸ್ಸು ಒಂಟೋಯ್ತದೆ ಕಣವ್ವ," ಎನ್ನುವ ಬಸವಮ್ಮ ಮಗಳ ಮುಖ ನೋಡಿ, "ಓಗ್ಲಿ ಬುಡಿ, ಮುಂದಿನ್ ಬಸ್ಸಿಗೆ ಓಗಾನ," ಎಂದು ಕಣ್ಣೊರೆಸಿಕೊಳ್ಳುತ್ತಾರೆ.

ಸಾಬರು ಹಗ್ಗ ಸರಿಪಡಿಸಿಕೊಳ್ಳುತ್ತಾರೆ. "ಇಪ್ಪತ್ತೆಂಟು ವರ್ಸ ಜಟ್ಕಾ ಓಡಿಸ್ದೆ. ಹತ್ತಿದೋರೆಲ್ಲಾ 'ಬೇಗ ಹೊಡೀರಿ ಸಾಬ್ರೇ, ಇಳೀಬೇಕು' ಅಂತಿದ್ರು. ನನ್ ಕುದುರೆಯಿಂದ ಇಳಿಯಲ್ಲ ಅಂದೋರ್ನ ಇವತ್ತೇ ನೋಡಿದ್ದು."

ಒಂಬತ್ತನೆಯ ಸುತ್ತು ಹೊರಡುತ್ತದೆ.