ತಿರುನಾಡಿಗೆ ಒಂದು ಗೇಣು

ಆಗದ ಮಾತು ಅಂದವರು ನಮ್ಮ ದೊಡ್ಡಪ್ಪ. ನಾನು ಎಂಟನೇ ತರಗತಿಯಲ್ಲಿದ್ದಾಗ, ಜಗುಲಿಯ ಮೇಲೆ ಕುಳಿತು ಎಲೆಯಡಿಕೆ ಮೆಲ್ಲುತ್ತಾ, ಎರಡು ಆಗದ ಮಾತುಗಳನ್ನು ಅವರು ಒಂದೇ ಉಸಿರಿನಲ್ಲಿ ಹೇಳಿದ್ದರು. "ನಮ್ಮನೆ ಹೆಣ್ ಕೂಸು ಕಾಲೇಜ್ ಮುಗ್ಸೋದೂ ಆಗಾದಿಲ್ಲ, ನಮ್ಮೋರು ಕಪ್ಪಲ್ ಏರಿ ಆ ತೀವು ಮುಟ್ಟೋದೂ ಆಗಾದಿಲ್ಲ." ತಮಿಳು ಸೀಮೆಯಲ್ಲಿ ತಲೆತಲಾಂತರದಿಂದ ಬೇಸಾಯ ಮಾಡಿಕೊಂಡಿರುವ ನಮ್ಮ ಮನೆಗನ್ನಡದಲ್ಲಿ ಕಪ್ಪಲ್ ಅಂದರೆ ಹಡಗು, ತೀವು ಅಂದರೆ ದ್ವೀಪ. ಸಮುದ್ರವನ್ನೇ ಕಾಣದ ಕಂಬಂ ಕಣಿವೆಯವರಿಗೆ ಈ ಎರಡು ಮಾತು ಯಾಕೆ ಬೇಕಾದವು ಅಂತ ನಿಮಗನ್ನಿಸಬಹುದು. ಹೇಳುತ್ತೇನೆ.

ಇವತ್ತು ಆಡಿ ಅಮಾವಾಸ್ಯೆ. ಬೆಳಿಗ್ಗೆ ಊರಿನ ಮನೆಯ ಹಿತ್ತಿಲಲ್ಲಿ ಬಾಳೆ ಎಲೆ ಕೊಯ್ಯಲು ಹೋದೆ. ಕುಡಿ ಎಲೆಯ ದಂಟಿಗೆ ಕತ್ತಿ ತಾಗಿಸಿದ್ದೇ ತಡ, ಸೊನೆ ಚಿಮ್ಮಿ ಸೀರೆಯ ಮೇಲೆ ಬಿತ್ತು. ಬಾಳೆಯ ಕಲೆ ಬಟ್ಟೆ ಹರಿಯುವವರೆಗೂ ಹೋಗುವುದಿಲ್ಲ. ದಿಂಡಿಗಲ್ಲಿನ ಕಾಲೇಜಿನಲ್ಲಿ ಅಷ್ಟು ವರ್ಷ ಭೂಗೋಳ ಹೇಳಿಕೊಟ್ಟ ಈ ಮೇಡಮ್ಮಿಗೆ ಸೊನೆ ಯಾವ ಕಡೆ ಹಾರುತ್ತದೆ ಅಂತ ಗೊತ್ತಾಗಲಿಲ್ಲ ನೋಡಿ. ಆ ಹಸಿ ವಾಸನೆ ಮೂಗಿಗೆ ಬಂದದ್ದೇ ಕೈ ನಿಂತಿತು. ಎಲೆಗಳು ಬೇಕಾದಷ್ಟು ಆಗಿದ್ದವು. ಕೊನೆಯ ಒಂದು ಎಲೆ ಮಾತ್ರ ಕೊಯ್ಯಬೇಕೋ ಬೇಡವೋ, ಕೊಯ್ದರೆ ಎಲ್ಲಿ ಹಾಕಬೇಕೋ ತಿಳಿಯದೆ ಗಿಡದ ಬುಡದಲ್ಲೇ ನಿಂತುಬಿಟ್ಟೆ.

ನಮ್ಮ ಮನೆಯಲ್ಲಿ ಈ ದಿನ ಸತ್ತ ಹಿರಿಯರಿಗೆಲ್ಲ ನಡುಮನೆಯಲ್ಲಿ ಎಲೆ ಹಾಕಿ ಬಡಿಸುತ್ತಾರೆ. ಒಂದು ಎಲೆ ಮಾತ್ರ ಹೊರಗೆ, ಜಗುಲಿಯ ಮೇಲೆ. ಪಕ್ಕದಲ್ಲಿ ಕಾಲು ತೊಳೆಯಲು ಒಂದು ಚೆಂಬು ನೀರು. ಅದು ಸತ್ತವರ ಎಲೆಯಲ್ಲ, ದಾರಿಯಲ್ಲಿರುವವನ ಎಲೆ. ಆ ದಾರಿಯಲ್ಲಿರುವವನು ನನ್ನ ಮುತ್ತಜ್ಜ ಮುದ್ದಯ್ಯ.

ಮುದ್ದಯ್ಯ ದಿಂಡಿಗಲ್ ಸಂತೆಗೆ ಎತ್ತು ಮಾರಲು ಹೋದವನು. ಅಲ್ಲಿ ಯಾರೋ ಏಜೆಂಟ್ ಕಬ್ಬಿನ ತೋಟಕ್ಕೆ ಆಳು ಸೇರಿಸುತ್ತಿದ್ದನಂತೆ. ಬಿಳಿಯರ ಕಾಲ. ಸಂತೆಗೆ ಜೊತೆಯಲ್ಲಿ ಹೋದವನೊಬ್ಬ ಮದರಾಸಿನ ಬಂದರಿನವರೆಗೂ ಹೋಗಿ, ಹಡಗಿನ ಗಾತ್ರ ನೋಡಿ ಹೆದರಿ, ನಡೆದುಕೊಂಡೇ ವಾಪಸ್ ಬಂದ. ಬಂದವನು ಮನೆ ಬಾಗಿಲಲ್ಲಿ ನಿಂತು ಹೇಳಿದ್ದು ಒಂದೇ ಮಾತು: "ಮುದ್ದಯ್ಯ ತಿರುನಾಡಿಗೆ ಹೋಗ್ಬುಟ್ಟ."

ನಮ್ಮದು ಪೆರುಮಾಳನಿಗೆ ನಡೆದುಕೊಳ್ಳುವ ಕುಲ. ನಮ್ಮ ಕಡೆ ತಿರುನಾಡು ಅಂದರೆ ವೈಕುಂಠ. ತಿರುನಾಡಿಗೆ ಹೋದ ಅಂದರೆ ತೀರಿಕೊಂಡ ಅಂತ. ಮನೆಯಲ್ಲಿ ಗೋಳೋ ಅಂತ ಅಳು ಎದ್ದಿತು. ಮುತ್ತಜ್ಜಿ ಮಾತ್ರ ಅಳಲಿಲ್ಲ. ಕಂಕುಳಲ್ಲಿ ಕೂಸು, ಅಂದರೆ ನನ್ನ ತಾತ. ಬಂದವನನ್ನು ಕೇಳಿದಳಂತೆ: "ಕಪ್ಪಲ್ ಏರಿ ಯಾರಾನಾ ವೈಕುಂಟಕ್ ಹೋಯ್ತಾರಾ? ಅದು ಊರ್ ಪೇರು." ಅವನು ತಲೆ ಕೆರೆದುಕೊಂಡು, ಊರಿನ ಹೆಸರೇ ಇರಬಹುದು, ಕೂಗಿ ಕರೆದವರು ಹಾಗೇ ಅಂದರು, ಅಂದ. ಊರು ಎರಡಾಯಿತು. ಸತ್ತ ಅನ್ನುವವರು, ಇದ್ದಾನೆ ಅನ್ನುವವಳು. ಆ ಎರಡನೆಯ ಪಕ್ಷದಲ್ಲಿ ಮುತ್ತಜ್ಜಿ ಒಬ್ಬಳೇ.

ಇದನ್ನೆಲ್ಲ ನನಗೆ ಹೇಳಿದವಳು ನಮ್ಮಪ್ಪನ ಅಕ್ಕ ರಂಗಮ್ಮತ್ತೆ. ಮುತ್ತಜ್ಜಿ ಸಾಯುವಾಗ ಅವಳಿಗೆ ಹತ್ತು ವರ್ಷವಿದ್ದಿರಬೇಕು. ಮುದುಕಿಯ ಹೆಣ ಅಂಗಳದಲ್ಲಿ. ಹಣೆ ತುಂಬ ಕುಂಕುಮ, ಕೈ ತುಂಬ ಬಳೆ. ಇವಳನ್ನು ಮುತ್ತೈದೆ ಅಂತ ಕಳಿಸುವುದೋ, ಗಂಡ ಸತ್ತವಳು ಅಂತಲೋ? ಬಿಸಿಲೇರುವವರೆಗೂ ಹೆಣದ ಮುಂದೆಯೇ ವಾದ. ಕೊನೆಗೆ ಹಿರಿಯರು, ತಿರುನಾಡು ಅಂದರೆ ಎಲ್ಲರಿಗೂ ಗೊತ್ತೇ ಇದೆ ಅಂತ ತೀರ್ಮಾನಿಸಿ ಕುಂಕುಮ ಒರೆಸಿದರು, ಬಳೆ ಒಡೆದರು. ಸತ್ತ ಮೇಲೆ ವಿಧವೆಯಾದವಳು ನಮ್ಮ ಮುತ್ತಜ್ಜಿ. ಆ ವರ್ಷದ ಅಮಾವಾಸ್ಯೆಗೆ ಮುತ್ತಜ್ಜಿ ಜಗುಲಿಯಲ್ಲಿ ಹಾಕುತ್ತಿದ್ದ ಎಲೆಯನ್ನು ದೊಡ್ಡವರು ಒಳಗೆ ಹಾಕಿದರೆ, ರಂಗಮ್ಮತ್ತೆ ಅದನ್ನು ಎತ್ತಿಕೊಂಡು ಹೋಗಿ ಮತ್ತೆ ಹೊರಗೆ ಹಾಕಿದಳಂತೆ. ಬೆನ್ನಿಗೆ ಗುದ್ದು ಬಿತ್ತು. ಎಲೆ ಹೊರಗೇ ಉಳಿಯಿತು. ಮದುವೆಯಾಗಿ ಹೋದವಳು ಗಂಡ ಹೋದ ಮೇಲೆ ತವರಿಗೇ ಬಂದು ನಿಂತಳು. ಇಷ್ಟು ವರ್ಷವೂ ಅವಳೇ ಆ ಎಲೆಯ ಕಾವಲು.

ನಮ್ಮ ಮನೆಯಲ್ಲಿ ಇನ್ನೊಂದು ನಿಯಮವಿತ್ತು. ಯಾರೂ ಕೆನ್ನೆಗೆ ಕೈ ಇಟ್ಟು ಕೂರಬಾರದು. ಕೂತರೆ ಅತ್ತೆ ಅಡುಗೆಮನೆಯಿಂದಲೇ ಕೂಗುತ್ತಿದ್ದಳು: "ಏ ಪಾಪ, ಕೆನ್ನೆಗ್ ಕೈ ಯಾಕೆ? ನಿನ್ ಕಪ್ಪಲ್ ಮಗುಚ್ಕೊಂತಾ?" ತಮಿಳು ನಾಡಿನಲ್ಲಿ ಎಲ್ಲರ ಮನೆಯಲ್ಲೂ ಇರುವ ಗದರಿಕೆ ಇದು. ಬೇರೆಯವರ ಮನೆಯಲ್ಲಿ ಮಕ್ಕಳು ನಗುತ್ತಿದ್ದವು. ನಮ್ಮ ಮನೆಯಲ್ಲಿ ಕೈ ತಾನಾಗಿ ಕೆಳಗಿಳಿಯುತ್ತಿತ್ತು.

ಎಂಟನೇ ತರಗತಿಯಲ್ಲಿ ನನ್ನ ಕೈಗೆ ಭೂಪಟದ ಪುಸ್ತಕ ಬಂತು. ಅದರಲ್ಲಿ ದಕ್ಷಿಣ ಅಮೆರಿಕದ ನೆತ್ತಿಯ ಮೇಲೆ, ಸಾಸಿವೆ ಕಾಳಿನಷ್ಟು ಒಂದು ಚುಕ್ಕೆ. ಟ್ರಿನಿಡಾಡ್. ನಾನು ಎರಡು ಸಲ ಜೋರಾಗಿ ಓದಿದೆ. ಮನೆಗೆ ಓಡಿ ಬಂದು ಅತ್ತೆಯ ಮುಂದೆ ಪುಸ್ತಕ ಬಿಚ್ಚಿದೆ. "ಅತ್ತೆ, ತಿರುನಾಡು!" ಅವಳು ಹಿಟ್ಟಿನ ಕೈ ಒರೆಸಿಕೊಂಡು ಬಗ್ಗಿ ನೋಡಿದಳು. ಓದು ಬಾರದವಳು. "ನಮ್ಮೂರ್ ಎಲ್ಲೈತೆ?" ತೋರಿಸಿದೆ. ಹೆಬ್ಬೆರಳನ್ನು ಕಂಬಮ್ಮಿನ ಮೇಲಿಟ್ಟು ಕಿರುಬೆರಳನ್ನು ಆ ಚುಕ್ಕೆಯವರೆಗೂ ಚಾಚಿದಳು. ಮುಟ್ಟಿತು.

"ಒಂದ್ ಗೇಣೇ," ಅಂದಳು. ಆಮೇಲೆ ಧ್ವನಿ ಇಳಿಸಿ, "ಒಂದ್ ಗೇಣ್ ದಾಟಿ ಬರಕ್ಕೆ ಆಗ್ಲಿಲ್ವಾ ಅವ್ನಿಗೆ?" ಅಂದಳು.

ಮುತ್ತಜ್ಜಿ ಗೆದ್ದಿದ್ದಳು. ಅತ್ತೆಗೆ ಮಾತ್ರ ಅವತ್ತಿನಿಂದ ಹೊಸದೊಂದು ನೋವು ಶುರುವಾಯಿತು. ಸತ್ತವನ ಮೇಲೆ ಯಾರೂ ಮುನಿಸಿಕೊಳ್ಳುವುದಿಲ್ಲ. ಬದುಕಿದ್ದೂ ಬಾರದವನ ಮೇಲೆ ಮುನಿಸು ಬೇಡವೇ? ಬಡಿಸುವಾಗ ಆ ಎಲೆಯ ಮುಂದೆ ಅವಳ ಕೈ ಒರಟಾಗುತ್ತಿದ್ದುದನ್ನು ನಾನು ನೋಡಿದ್ದೇನೆ. ಅನ್ನ ಹಾಕುವಳು, ತುಪ್ಪ ಮರೆಯುವಳು.

ಆಗದ ಮಾತು ಅಂತ ದೊಡ್ಡಪ್ಪ ಅಂದದ್ದು ಆ ಸಂಜೆಯೇ, ನಾನು ಕಾಲೇಜು ಓದಿ ಅಲ್ಲಿಗೆ ಹೋಗುತ್ತೇನೆ ಅಂತ ಜಂಬ ಕೊಚ್ಚಿದಾಗ. ಮೊದಲನೆಯದನ್ನು ನಾನು ಸುಳ್ಳು ಮಾಡಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಅನ್ನುವುದು ಮೊದಲು ಬಂದದ್ದು ನನ್ನ ಕೈಗೆ. ಸುಲಭಕ್ಕೆ ಬರಲಿಲ್ಲ. ದ್ರಾಕ್ಷಿ ತೋಟದಲ್ಲಿ ಬೆಳಿಗ್ಗೆ ಗೊನೆ ಕತ್ತರಿಸಿ, ಕೈಯ ಅಂಟು ತೊಳೆದುಕೊಂಡು ಬಸ್ಸು ಹತ್ತುತ್ತಿದ್ದೆ. ಪದವಿ ಪತ್ರ ತಂದ ದಿನ ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡು, "ಇದ್ರಾಗೆ ನಿನ್ ಪೇರ್ ಎಲ್ಲೈತೆ?" ಅಂದಳು. ಅವಳ ಬೆರಳು ಹಿಡಿದು ಹೆಸರಿನ ಮೇಲೆ ಇಟ್ಟೆ. ಅಲ್ಲೇ ಸವರುತ್ತಾ ಕುಳಿತಳು. ಈ ಕನ್ನಡ ಅಕ್ಷರ ಕಲಿತದ್ದಂತೂ ನಲವತ್ತು ದಾಟಿದ ಮೇಲೆ. ಅತ್ತೆ ಆಡುವ ಮಾತಿಗೆ ಒಂದು ಲಿಪಿ ಇದೆ ಅಂತ ತಿಳಿದು ಕಲಿತದ್ದು.

ಎರಡನೆಯದಕ್ಕೆ ನಿವೃತ್ತಿಯವರೆಗೂ ಕಾಯಬೇಕಾಯಿತು. ನಮ್ಮ ಯಜಮಾನರು ನಿಲಕ್ಕೋಟ್ಟೈ ಕಡೆಯ ಹೂವಿನ ಬೆಳೆಗಾರರ ಮನೆಯವರು, ತಮಾಷೆಯ ಮನುಷ್ಯ. ಕೆರಿಬಿಯನ್ ಸಮುದ್ರದಲ್ಲಿ ದ್ವೀಪದಿಂದ ದ್ವೀಪಕ್ಕೆ ಕರೆದೊಯ್ಯುವ ಪ್ರವಾಸಿ ಹಡಗಿನ ಚಿತ್ರ ತೋರಿಸಿದರೆ, "ಇಷ್ಟ್ ದೊಡ್ಡದ್ರಾಗೆ ನೀನ್ ಕಳ್ದೋದ್ರೆ ಎಲ್ಲಿ ಹುಡ್ಕಲಿ?" ಅಂದರು. ವಿಮಾನದಲ್ಲಿ ನೇರ ಟ್ರಿನಿಡಾಡಿಗೇ ಇಳಿಯಬಹುದಿತ್ತು. ಅತ್ತೆ ಒಪ್ಪಲಿಲ್ಲ. "ಅವ ಹೋದಂಗೇ ಕಪ್ಪಲ್ನಾಗೇ ಹೋಗಿ ಇಳೀಬೇಕು." ಹೊರಡುವ ದಿನ ಒಂದು ಚಿಟಿಕೆ ಕರಿ ಎಳ್ಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ನನ್ನ ಅಂಗೈಯಲ್ಲಿಟ್ಟಳು. "ಆ ಮಣ್ಣಾಗೆ ಇದ್ನ ಬುಟ್ಟು, ಅವ್ನ್ ಪೇರ್ ಹೇಳಿ, ನೀರ್ ಬುಡು. ಆಮ್ಯಾಕೆ ನಾನೇ ಎಲೇನ ಒಳಕ್ ಹಾಕ್ತೀನಿ. ನನ್ಗೂ ವಯಸ್ಸಾತು, ಪಾಪ. ನಾನ್ ಹೋದ್ಮ್ಯಾಕೆ ಆ ಎಲೆ ಯಾರ್ ಕಾಯ್ತಾರೆ?"

ಬಾರ್ಬಡೋಸಿನಲ್ಲಿ ಹಡಗು ಹತ್ತಿದೆವು. ಹತ್ತಿದ್ದಷ್ಟೇ, ಅದು ಹೊರಡಲಿಲ್ಲ. ಎಂಜಿನ್ನಿನಲ್ಲಿ ಸಣ್ಣ ತೊಂದರೆ ಅಂದರು. ಒಂದಿಡೀ ದಿನ ಬಂದರಿನಲ್ಲೇ ನಿಂತು, ಮಾರನೆಯ ಸಂಜೆ ಹೊರಟಿತು. ಮೊದಲ ದ್ವೀಪಕ್ಕೆ ತಡವಾಗಿ ಮುಟ್ಟಿತು, ಎರಡನೆಯದನ್ನು ಬಿಟ್ಟೇಬಿಟ್ಟಿತು. ಸಮುದ್ರ ಸ್ನಾನಕ್ಕೆ ಬಂದಿದ್ದವರೆಲ್ಲ ಕೌಂಟರಿನ ಮುಂದೆ ಜಗಳಕ್ಕೆ ನಿಂತರು. ಯಜಮಾನರು ನನ್ನನ್ನು ನಗಿಸಲು ನೋಡಿದರು: "ನಮ್ ಕಂಬಂ ಟವುನ್ ಬಸ್ಸಾಗಿದ್ರೆ ಎಲ್ಲಾರ್ನೂ ಇಳ್ಸಿ ತಳ್ಳಿಸ್ಬೋದಿತ್ತು." ನಾನು ನಕ್ಕೆ. ಟ್ರಿನಿಡಾಡ್ ಕೊನೆಯ ನಿಲ್ದಾಣ. ಅದೊಂದಿದ್ದರೆ ಸಾಕು, ಉಳಿದ ದ್ವೀಪಗಳೆಲ್ಲ ಮುಳುಗಿಹೋಗಲಿ ಅಂತ ಒಳಗೊಳಗೇ ಅಂದುಕೊಂಡೆ. ಭೂಗೋಳದ ಮೇಷ್ಟ್ರಮ್ಮ ಅಂದುಕೊಳ್ಳುವ ಮಾತೇ ಅದು?

ಟ್ರಿನಿಡಾಡ್ ಮುಟ್ಟಬೇಕಿದ್ದ ಬೆಳಿಗ್ಗೆ, ತಿಂಡಿಯ ಹೊತ್ತಿಗೆ ಕ್ಯಾಪ್ಟನ್ನಿನ ಧ್ವನಿ ಕೇಳಿಸಿತು. ಒಂದು ಎಂಜಿನ್ ಪೂರ್ತಿ ನಿಂತಿದೆ. ಉಳಿದ ಒಂದರ ಮೇಲೆ ಬಂದರಿನ ಇಕ್ಕಟ್ಟಾದ ಕಡಲದಾರಿಯಲ್ಲಿ ನುಗ್ಗುವುದು ಅಪಾಯ. ಸ್ವಲ್ಪ ರಿಪೇರಿ ಮಾಡಿಕೊಂಡು ಇಲ್ಲಿಂದಲೇ ಬಾರ್ಬಡೋಸಿಗೆ ತಿರುಗುತ್ತೇವೆ. ಎಲ್ಲರೂ ಕ್ಷಮಿಸಬೇಕು.

ನಾವು ಮೇಲಿನ ಅಂತಸ್ತಿಗೆ ಓಡಿದೆವು. ಕಾಣುತ್ತಿತ್ತು! ಕಡಲಿನಂಚಿಗೆ ಸಾಲು ಬೆಟ್ಟ, ನೀಲಿ ಹಸಿರು, ನೆತ್ತಿಯ ಮೇಲೆ ಮೋಡ. ನಮ್ಮ ಮನೆಯ ಮಾಳಿಗೆಯಿಂದ ಮೇಘಮಲೆ ಹೇಗೆ ಕಾಣುತ್ತದೋ ಹಾಗೇ. ಅವನೂ ಹಡಗಿನ ಮೇಲಿಂದ ಮೊದಲು ನೋಡಿದ್ದು ಇದನ್ನೇ ಇರಬೇಕು. ಊರಿಗೇ ವಾಪಸ್ ತಂದುಬಿಟ್ಟರು ಅಂತ ಒಂದು ಗಳಿಗೆ ಅವನಿಗೆ ಅನ್ನಿಸಿರಬಹುದೇ? ಹಡಗು ಅಲ್ಲೇ ನಿಂತಿತ್ತು. ಗಾಳಿ ಇಲ್ಲ, ಸದ್ದಿಲ್ಲ. ನಾನು ಕೈ ಚಾಚಿ ಗೇಣು ಹಿಡಿದೆ. ಆ ಬೆಟ್ಟಗಳೆಲ್ಲ ನನ್ನ ಹೆಬ್ಬೆರಳು ಕಿರುಬೆರಳ ನಡುವೆ ಹಿಡಿದವು, ಇನ್ನೂ ಜಾಗ ಉಳಿಯಿತು. ಸೆರಗಿನ ತುದಿಯಲ್ಲಿ ಎಳ್ಳಿನ ಗಂಟು.

"ನೀರಿಗೇ ಬುಟ್ಬುಡು," ಅಂದರು ಯಜಮಾನರು ಮೆಲ್ಲಗೆ. "ಎಲ್ಲಾ ಒಂದೇ ನೀರು."

"ಅತ್ತೆ ಮಣ್ಣಿಗೆ ಅಂದವಳೆ."

ನಾನು ಅಲ್ಲೇ ಒಂದು ಕುರ್ಚಿಯಲ್ಲಿ ಕುಳಿತೆ. ಎಷ್ಟು ಹೊತ್ತು ಹಾಗೆ ಕುಳಿತಿದ್ದೆನೋ, ಅವರು ಬಂದು ನನ್ನ ಕೈಯನ್ನು ಕೆನ್ನೆಯಿಂದ ಬಿಡಿಸಿ ಕೆಳಗಿಟ್ಟಾಗಲೇ ಗೊತ್ತಾದದ್ದು.

ಸಂಜೆಗೆ ಹಡಗು ನಿಧಾನಕ್ಕೆ ತಿರುಗಿತು. ಬೆಟ್ಟ ಮೊದಲು ಬಣ್ಣ ಕಳೆದುಕೊಂಡಿತು, ಆಮೇಲೆ ಆಕಾರ. ಬಾರ್ಬಡೋಸ್ ಮುಟ್ಟುವ ಹೊತ್ತಿಗೆ ನಮ್ಮ ವಿಮಾನಕ್ಕೆ ಹೊತ್ತಾಗಿತ್ತು. ಇಳಿಯುವ ಬಾಗಿಲಲ್ಲಿ ಒಬ್ಬ ಹುಡುಗಿ ನಗುತ್ತಾ ಎಲ್ಲರ ಕೈಗೂ ಒಂದೊಂದು ದಪ್ಪ ಕಾಗದ ಕೊಟ್ಟಳು. ಮೇಲ್ಗಡೆ ದೊಡ್ಡ ಅಕ್ಷರದಲ್ಲಿ ಸರ್ಟಿಫಿಕೇಟ್ ಅಂತ. ಸುತ್ತ ಬಂಗಾರದ ಅಂಚು, ಕೆಳಗೆ ಕ್ಯಾಪ್ಟನ್ನಿನ ಸಹಿ. ಆದ ತೊಂದರೆಗೆ ವಿಷಾದ, ಮತ್ತೊಮ್ಮೆ ಬಂದರೆ ಅರ್ಧ ದರ. ನಾನು ಅಷ್ಟು ಕಷ್ಟಪಟ್ಟು ತಂದ ಡಿಗ್ರಿಗಿಂತ ಚೆನ್ನಾಗಿತ್ತು ಅದು. ದೊಡ್ಡಪ್ಪ ಈಗ ಇಲ್ಲ. ಇದ್ದಿದ್ದರೆ, ಎರಡರಲ್ಲಿ ಒಂದು ಗೆದ್ದೆ ನೋಡು, ಅನ್ನುತ್ತಿದ್ದರು.

ಹಿತ್ತಿಲಲ್ಲಿ ಆ ಕೊನೆಯ ಎಲೆಯನ್ನೂ ಕೊಯ್ದೆ. ಒಳಗೆ ದೊಡ್ಡಪ್ಪನ ಸೊಸೆ ಬಡಿಸಿ ಮುಗಿಸಿದಳು. ನಾನು ರೂಢಿಯಂತೆ ಜಗುಲಿಗೆ ಹೋಗಿ ಎಲೆ ಹಾಕಿ, ಅನ್ನ ಬಡಿಸಿ, ತುಪ್ಪದ ಗಿಂಡಿ, ಚೆಂಬು ಇಟ್ಟೆ. ಅತ್ತೆ ಗೋಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕುಳಿತಳು. ಪ್ರವಾಸ ಮುಗಿಸಿ ನಿನ್ನೆ ರಾತ್ರಿ ಊರಿಗೆ ಬಂದ ನಮ್ಮನ್ನು ಅವಳು ಏನೂ ಕೇಳಿರಲಿಲ್ಲ. ನಾನು ಸೆರಗಿನಿಂದ ಎಳ್ಳಿನ ಗಂಟು ಬಿಚ್ಚಿ ಅವಳ ಮುಂದಿಟ್ಟೆ. ಅವಳು ಗಂಟನ್ನು ನೋಡಿದಳು, ನನ್ನನ್ನು ನೋಡಿದಳು.

"ಮುಟ್ಲಿಲ್ವಾ?"

"ಇಲ್ಲತ್ತೆ. ಕಪ್ಪಲ್ ಕೆಟ್ ನಿಂತೋಯ್ತು. ತೀವು ಕಾಣ್ತಿತ್ತು. ಮಲೆ ಕಾಣ್ತಿತ್ತು, ನಮ್ ಮಲೆ ತರಾನೇ. ಇಳಿಯಕ್ ಬುಡ್ಲಿಲ್ಲ."

"ಕಣ್ಮುಂದೇನೇ?"

"ಕಣ್ಮುಂದೇನೇ. ಒಂದ್ ಗೇಣು."

ಅತ್ತೆ ಬೀದಿಯ ಕಡೆ ತಿರುಗಿದಳು. ಬಿಸಿಲಿಗೆ ಎಲೆಯ ಅಂಚು ಆಗಲೇ ಬಾಡಿ ಸುರುಳುತ್ತಿತ್ತು. "ನಾನೇನೋ ಮನ್ಷನ್ ಮನ್ಸು ಕೆಟ್ಟೋಯ್ತು ಅಂತಿದ್ದೆ," ಅಂದಳು. "ಕಪ್ಪಲ್ ನಿಂತೋದ್ರೆ ಮನ್ಷ ಏನ್ ಮಾಡ್ತಾನೆ?"

ಕೊಡಲೋ ಬೇಡವೋ ಅಂದುಕೊಳ್ಳುತ್ತಲೇ ಆ ದಪ್ಪ ಕಾಗದವನ್ನು ಅವಳ ಕೈಗೆ ಕೊಟ್ಟೆ. ಅಂಚನ್ನು ಸವರಿ ನೋಡಿ ಕಣ್ಣಿಗೊತ್ತಿಕೊಂಡಳು. "ಸರ್ಟಿಪಿಕೇಟಾ? ಅವ್ನ್ ಪೇರ್ ಎಲ್ಲೈತೆ?"

ಅವಳ ಬೆರಳನ್ನು ಇಡಲು ನನಗೆ ಜಾಗವಿರಲಿಲ್ಲ. "ಅವ್ನದಲ್ಲತ್ತೆ. ಇಳಿಯಕ್ ಆಗ್ದೋರ್ಗೆ ಕೊಡೋದು. ಇನ್ನೊಂದ್ ದಪ ಕಪ್ಪಲ್ ಏರ್ಬೋದು ಅಂತ."

ಅತ್ತೆ ಕಾಗದವನ್ನು ಮಡಿಚದೆ, ಹಾಗೇ ನನ್ನ ಮಡಿಲಲ್ಲಿಟ್ಟಳು. ತುಪ್ಪದ ಗಿಂಡಿಯನ್ನು ಹತ್ತಿರಕ್ಕೆ ಎಳೆದುಕೊಂಡು ಎಲೆಯ ಮೇಲಿನ ಅನ್ನಕ್ಕೆ ಧಾರೆಯಾಗಿ ಬಿಟ್ಟಳು.

"ಅವ್ನಿಗೆ ಇಂತಾದೊಂದು ಯಾರೂ ಕೊಟ್ಟಿರಾದಿಲ್ಲ, ಪಾಪ. ಕೊಟ್ಟಿದ್ರೆ ಬಂದಿರೋನು," ಅಂದಳು. "ಎಲೆ ಎತ್ಕೊಂಡ್ ಒಳಕ್ ಬಾ. ಹೊರ್ಗೆ ಬಿಸ್ಲು."